ಚಕ್ಕುಬಂದಿಯಲ್ಲಿ ಉಳಿದ ಕಾಲುವೆ

ಚಿಕ್ಕಬಳ್ಳಾಪುರ

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಮಾರುವ ವಿಚಾರ ಓದಿ ಅಷ್ಟೇನೂ ಅನ್ನಿಸಲಿಲ್ಲ. ಕೊನೆಯಲ್ಲಿ ಬರೆದಿದ್ದೀಯಲ್ಲ, ‘ಹೆಬ್ಬಾಳ ಅಂದರೆ ಫ್ಲೈಓವರ್ ಅಂತಾಳೆ ಮಗು, ಇಲ್ಲೊಂದು ಊರಿತ್ತು ಅನ್ನೋದೇ ಅಳಿಸಿಹೋಗುತ್ತೇನೋ’ ಅಂತ, ಆ ಮಾತು ಎರಡು ರಾತ್ರಿ ನಿದ್ದೆ ಕೆಡಿಸಿತು.

ಫ್ಲೈಓವರ್ ಬಂದಿದ್ದು 2003ರಲ್ಲಿ. ನಿಮ್ಮೂರಲ್ಲೇ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಅದರಲ್ಲಿ ‘ಪೆರ್ಬೊಳಲ್ನಾಡು’ ಅಂತ ಕೆತ್ತಿದ್ದಾರೆ, ನಿಮ್ಮ ಹೆಬ್ಬಾಳದ ಸೀಮೆಯ ಹಳೇ ಹೆಸರು. ಬೆಂಗಳೂರು ಅನ್ನೋ ಹೆಸರು ಬೇಗೂರಿನ ಕಲ್ಲಲ್ಲಿ ಕಾಣೋದು ಅದಾಗಿ ನೂರು ವರ್ಷದ ಮೇಲೆ. ಮಗೂನ ಒಂದು ಸಲ ಕರಕೊಂಡು ಹೋಗಿ ತೋರಿಸಮ್ಮ. ಅಷ್ಟರಿಂದ ಊರು ಉಳಿಯುತ್ತಾ ಅಂದರೆ ನನ್ನ ಹತ್ತಿರ ಉತ್ತರ ಇಲ್ಲ.

ಆದರೆ ಅಳಿಸೋದು ಪಟ್ಟಣ ಒಂದೇ ಅಲ್ಲ, ಪುಟ್ಟಿ. ನಿಮ್ಮ ತಾತ ನಮ್ಮ ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡೋದನ್ನ ನೀನು ನೋಡಿಲ್ಲ. ಲಂಗೋಟಿ ಕಟ್ಟಿ, ತೂಬಿನ ಕಲ್ಲುಗಂಬ ಹಿಡಿದು ಮುಳುಗೋರು. ಗೂಟ ಸಡಿಲವಾದರೆ ಏರಿಯ ಆಚೆ ಕಾಲುವೆ ಗುಳುಗುಳು ಅನ್ನೋದು, ನಾನು ‘ಬಂತು!’ ಅಂತ ಕೂಗಬೇಕು. ಆ ಕಾಲುವೆಯನ್ನ 1996ರಲ್ಲಿ ಮುಚ್ಚಿದವನು ನಾನೇ. ಬೋರು ಕೊರೆಸಿದ್ದೆ, ದ್ರಾಕ್ಷಿಗೆ ಇನ್ನೆರಡು ಸಾಲು ಜಾಗ ಬೇಕಿತ್ತು. ಅಪ್ಪ ಒಂದು ಮಾತೂ ಆಡಲಿಲ್ಲ. ಜಗಲಿ ಮೇಲೆ ಕೂತು ಟ್ರ್ಯಾಕ್ಟರ್ ನೋಡುತ್ತಿದ್ದರು. ಬೈದಿದ್ದರೆ ನಿಲ್ಲಿಸುತ್ತಿದ್ದೆನೋ ಏನೋ.

ಆಮೇಲೆ ಬೋರು ಬತ್ತಿತು. ಈಗ ನಿಮ್ಮ ಹೆಬ್ಬಾಳ, ನಾಗವಾರದ ಕಡೆಯ ಕೊಳಚೆ ನೀರನ್ನೇ ಶುದ್ಧಮಾಡಿ ಪೈಪಲ್ಲಿ ನಮ್ಮ ಕಂದವಾರದ ಕೆರೆಗೆ ತುಂಬಿಸುತ್ತಾರೆ. ಏರಿ ಮೇಲೆ ನಿಂತಾಗ ನಿನ್ನ ನೆನಪಾಗುತ್ತೆ.

ಮನೆ ಮಾರಬೇಡ ಅನ್ನೋಕೆ ನಾನ್ಯಾರು? ನಿಮ್ಮ ಅತ್ತೆಗೆ ಕೆರೆ ಕೆಳಗಿನ ಗದ್ದೆಗಳ ಹೆಸರು ಗೊತ್ತಲ್ಲ, ಅವರು ಹೇಳುವಾಗ ಮೊಬೈಲಲ್ಲಿ ರೆಕಾರ್ಡ್ ಮಾಡಿಕೋ. ಮುಂದಿನ ತಿಂಗಳು ಅಂತ ಮುಂದೂಡಬೇಡ, ವಯಸ್ಸಾದೋರು. ಇನ್ನೊಂದು, ಮಾರಿದ ಮೇಲೆ ಅಸಲು ಪತ್ರಗಳು ಕೊಂಡವರ ಕೈ ಸೇರುತ್ತವೆ. ಅದಕ್ಕೆ ಮುಂಚೆ ಹಳೇ ಕ್ರಯಪತ್ರ ಜೆರಾಕ್ಸ್ ಮಾಡಿಸಿಟ್ಟುಕೋ. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಬರೆದಿರೋ ಕಡೆ, ಯಾವ ಓಣಿ, ಯಾರ ಹಿತ್ತಲು ಎಲ್ಲಾ ಇರುತ್ತೆ. ನಿನ್ನ ಕಾಗದ ಬಂದ ಮೇಲೆ ನಾನೂ ಪೆಟ್ಟಿಗೆ ತೆಗೆದು ನಮ್ಮದು ನೋಡಿದೆ. ‘ಪೂರ್ವಕ್ಕೆ ಕೆರೆ ಕಾಲುವೆ’ ಅಂತ ಈಗಲೂ ಇದೆ.

ಇಂತಿ,
ನಿನ್ನ ದೊಡ್ಡಪ್ಪ