ಸೈನೈಡ್ ದಿಬ್ಬದ ಚಿನ್ನ ಸರಿ, ಕೆಸರು ಎಲ್ಲಿಗೆ?

ಮಾನ್ಯ ಸಂಪಾದಕರೇ,

ಕೆಜಿಎಫ್‌ನ ಸೈನೈಡ್ ದಿಬ್ಬಗಳಿಂದ (ಅದಿರನ್ನು ಅರೆದು, ಸೈನೈಡ್‌ನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಸುರಿದ ಮಣ್ಣಿನ ರಾಶಿಗಳಿಂದ) ಮತ್ತೆ ಚಿನ್ನ ತೆಗೆಯುವ ಮಾತು ಬಂದಾಗಲೆಲ್ಲ ಚರ್ಚೆ ಎರಡೇ ಅಂಕಿಗಳ ಸುತ್ತ ಗಿರಕಿ ಹೊಡೆಯುತ್ತದೆ: ಮಣ್ಣು ಎಷ್ಟು, ಚಿನ್ನ ಎಷ್ಟು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಾಗಲೂ ಅಷ್ಟೇ ಆಯಿತು. 13 ದಿಬ್ಬಗಳು, ಸುಮಾರು 1,003 ಎಕರೆ, ಹತ್ತಿರ ಹತ್ತಿರ 3.3 ಕೋಟಿ ಟನ್ ಮಣ್ಣು. ಚಿನ್ನ ತೆಗೆದ ಮೇಲೂ ಈ 3.3 ಕೋಟಿ ಟನ್ 3.3 ಕೋಟಿ ಟನ್ನೇ ಆಗಿರುತ್ತದೆ. ಈಗ ಒಣಗಿ ನಿಂತಿರುವುದು ಆಗ ನೀರು, ಸುಣ್ಣ ಮತ್ತು ಹೊಸ ಸೈನೈಡ್ ಬೆರೆತ ಕೆಸರಾಗಿರುತ್ತದೆ. ಅದನ್ನು ಎಲ್ಲಿ ಹಾಕುತ್ತಾರೆ ಎಂದು ಕೇಳುವವರು ಕಡಿಮೆ.

ಮೊದಲು ಚಿನ್ನದ ಲೆಕ್ಕ. ಟನ್ನಿಗೆ 0.7 ಗ್ರಾಂ ಇದೆ ಎಂದು ಇಟ್ಟುಕೊಂಡರೆ ಒಟ್ಟು 23 ಟನ್ ಆಗುತ್ತದೆ. ಅದನ್ನು ಇವತ್ತಿನ ದರಕ್ಕೆ ಗುಣಿಸಿ ಇಷ್ಟು ಸಾವಿರ ಕೋಟಿ ಎನ್ನುವುದು ಸುಲಭ. ಆದರೆ ಇದು ಒಮ್ಮೆ ಸೈನೈಡ್‌ಗೂ ಸಿಗದೆ ಉಳಿದ ಚಿನ್ನ. ಬೆಣಚುಕಲ್ಲಿನ ಕಣದೊಳಗೋ ಆರ್ಸೆನೊಪೈರೈಟ್ ಎಂಬ ಆರ್ಸೆನಿಕ್, ಗಂಧಕದ ಖನಿಜದೊಳಗೋ ಹುದುಗಿರುವ ಪಾಲು ಇದರಲ್ಲಿ ಇದ್ದೇ ಇರುತ್ತದೆ. ನೂರಕ್ಕೆ 60ರಷ್ಟು ದಕ್ಕಿದರೆ ಕೈಗೆ ಬರುವುದು 14 ಟನ್. ಇನ್ನೂ ನುಣ್ಣಗೆ ಅರೆದರೆ ಸ್ವಲ್ಪ ಹೆಚ್ಚು ಬಂದೀತು, ಆದರೆ ಗಿರಣಿಯ ವಿದ್ಯುತ್ ಬಿಲ್ಲು ಅದನ್ನು ತಿಂದುಹಾಕುವ ಸಂಭವವೂ ಅಷ್ಟೇ ಇದೆ.

ಹಾಗಾಗಿ ದಿಬ್ಬದಲ್ಲಿರುವ ಚಿನ್ನಕ್ಕಿಂತ ಸೈನೈಡ್‌ನಲ್ಲಿ ಕರಗುವ ಚಿನ್ನ ಎಷ್ಟು ಎಂಬುದೇ ಮುಖ್ಯ. ಅದನ್ನು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ಪ್ರತಿ ದಿಬ್ಬದ ಮೇಲೆ 50 ಮೀಟರ್ ಅಂತರದಲ್ಲಿ ತಳದವರೆಗೂ ಬೋರ್ ಹಾಕಿ, ಮೀಟರಿಗೊಂದು ಮಾದರಿ ತೆಗೆಯಬೇಕು. ಒಂದು ಕಿಲೋ ಮಣ್ಣು, ಅಷ್ಟೇ ನೀರು, ಸುಣ್ಣ, ಸೈನೈಡ್ ಹಾಕಿದ ಬಾಟಲಿಯನ್ನು ರೋಲರ್ ಮೇಲೆ 24 ಗಂಟೆ ಉರುಳಿಸಬೇಕು. ಕೊನೆಗೆ ದ್ರಾವಣದಲ್ಲಿ ಎಷ್ಟು ಚಿನ್ನ ಬಂತು, ಎಷ್ಟು ಸೈನೈಡ್ ಮತ್ತು ಸುಣ್ಣ ಖರ್ಚಾಯಿತು ಎಂದು ಬರೆದಿಡಬೇಕು. ಈ ಮೂರು ಅಂಕಿಗಳು ದಿಬ್ಬದಿಂದ ದಿಬ್ಬಕ್ಕೆ, ಒಂದೇ ದಿಬ್ಬದಲ್ಲಿ ಮೇಲಿನ ಪದರಕ್ಕೂ ತಳಕ್ಕೂ ಬದಲಾಗುತ್ತವೆ. ನೂರಕ್ಕೂ ಹೆಚ್ಚು ವರ್ಷ ಬೇರೆ ಬೇರೆ ಗಿರಣಿಗಳು ಬೇರೆ ಬೇರೆ ವಿಧಾನದಲ್ಲಿ ಅರೆದು ಸುರಿದ ಮಣ್ಣು ಇದು. 13 ದಿಬ್ಬಗಳಿಗೆ ಒಂದೇ ಸರಾಸರಿ ಹೇಳುವ ವರದಿಯನ್ನು ನಂಬಿ ಟೆಂಡರ್ ಕರೆಯಬಾರದು. ರಾಜ್ಯದ್ದೇ ಆದ ಹಟ್ಟಿ ಚಿನ್ನದ ಗಣಿಯವರಿಗೆ ಈ ಕೆಲಸ ಹೊಸದೇನಲ್ಲ.

ಸುಣ್ಣದ ಅಂಕಿಯನ್ನು ಯಾರೂ ಗಮನಿಸುವುದಿಲ್ಲ, ಅಪಾಯ ಇರುವುದು ಅಲ್ಲೇ. ಸಲ್ಫೈಡ್ (ಗಂಧಕದ ಖನಿಜ) ಇರುವ ಮಣ್ಣು ಗಾಳಿ, ಮಳೆಗೆ ಸಿಕ್ಕಿ ವರ್ಷಗಟ್ಟಲೆ ಬಿದ್ದಿದ್ದರೆ ಆಮ್ಲ ಹುಟ್ಟುತ್ತದೆ, ಅದನ್ನು ತಣಿಸುವುದು ಸುಣ್ಣ. ಸೈನೈಡ್ ದ್ರಾವಣದ ಪಿಎಚ್ (ಆಮ್ಲ-ಕ್ಷಾರದ ಅಳತೆ; ಆಮ್ಲ ಹೆಚ್ಚಿದಷ್ಟೂ ಇಳಿಯುತ್ತದೆ) 10.5ರ ಆಸುಪಾಸಿನಲ್ಲಿದ್ದರೆ ಸೈನೈಡ್ ನೀರಿನಲ್ಲೇ ಉಳಿಯುತ್ತದೆ. 9.2ರ ಸುಮಾರಿಗೆ ಇಳಿದರೆ ಅರ್ಧಕ್ಕರ್ಧ ಹೈಡ್ರೋಜನ್ ಸೈನೈಡ್ ಆಗಿಬಿಡುತ್ತದೆ, ಅದು ವಿಷಾನಿಲವಾಗಿ ಮೇಲೇಳುತ್ತದೆ. ಬೆಳಿಗ್ಗೆ ಒಂದು ದಿಬ್ಬದ ಮಣ್ಣು, ಮಧ್ಯಾಹ್ನ ಆಮ್ಲ ಹೆಚ್ಚಿರುವ ಇನ್ನೊಂದು ಮೂಲೆಯ ಮಣ್ಣು ಬಂದು, ಸುಣ್ಣದ ಪ್ರಮಾಣ ಮಾತ್ರ ಹಾಗೇ ಇದ್ದರೆ ಟ್ಯಾಂಕಿನ ಮೇಲೆ ನಿಂತ ಕೆಲಸಗಾರನ ಗತಿ ಏನು? ಆದ್ದರಿಂದ ಸುಣ್ಣ ಮೊದಲು, ಸೈನೈಡ್ ಆಮೇಲೆ. ಪಿಎಚ್ ಇಳಿದರೆ ಸೈನೈಡ್ ಪಂಪು ತಾನಾಗಿಯೇ ನಿಲ್ಲುವಂತಿರಬೇಕು. ಪ್ರತಿ ಟ್ಯಾಂಕಿನ ಬಳಿ ಗಾಳಿಯಲ್ಲಿ ಈ ಅನಿಲ 4.7 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 4.7 ಭಾಗ) ದಾಟಿದರೆ ಕೂಗುವ ಅಲಾರಂ ಇರಬೇಕು. ಟನ್ನಿಗೆ ಅರ್ಧ ಕಿಲೋ ಹಿಡಿದರೂ ಇಡೀ ಯೋಜನೆಗೆ 16,500 ಟನ್ ಸೋಡಿಯಂ ಸೈನೈಡ್ ಬೇಕು. ಅಷ್ಟೂ ಬಂಗಾರಪೇಟೆಯ ಆಸುಪಾಸಿನ ರಸ್ತೆ ಅಥವಾ ರೈಲಿನಲ್ಲೇ ಬರಬೇಕು.

ಇಲ್ಲೊಂದು ಮಾತು. ಜನ ಹೆದರುವುದು ದಿಬ್ಬದಲ್ಲಿರುವ ಹಳೆಯ ಸೈನೈಡ್‌ಗೆ. ಬಿಸಿಲು, ಗಾಳಿ ತಗುಲುವ ಮೇಲ್ಪದರದಲ್ಲಿ ಬಿಡಿ ಸೈನೈಡ್ ಇಷ್ಟು ವರ್ಷ ಉಳಿಯುವುದಿಲ್ಲ. ಇವತ್ತು ಚಾಂಪಿಯನ್ ರೀಫ್, ಮಾರಿಕುಪ್ಪಂ ಮನೆಗಳೊಳಗೆ ಬರುವುದು ನುಣುಪಾದ ಬೆಣಚುಕಲ್ಲಿನ ಧೂಳು, ಅಂದರೆ ಸಿಲಿಕಾ. ದಿಬ್ಬದ ಮೇಲೆ ಕಟ್ಟಿರುವ ಗಟ್ಟಿ ಹೊಪ್ಪಳೆ, ಅಲ್ಲಲ್ಲಿ ಬೆಳೆದ ಹುಲ್ಲು, ಜಾಲಿ ಅದನ್ನು ಅಷ್ಟಿಷ್ಟು ತಡೆದಿವೆ. ಜೆಸಿಬಿ ಇಳಿಸಿ ಒಣ ಮಣ್ಣನ್ನು ಲಾರಿಗೆ ತುಂಬಲು ಹೊರಟರೆ ಮೊದಲು ಹೋಗುವುದೇ ಆ ಹೊಪ್ಪಳೆ. ಮಧ್ಯದಲ್ಲಿ ಬೆಲೆ ಬಿದ್ದು ಕಂಪನಿ ಕೈಬಿಟ್ಟರೆ ಅರ್ಧ ಕಡಿದ ದಿಬ್ಬ ಮುಟ್ಟದ ದಿಬ್ಬಕ್ಕಿಂತ ಕೆಟ್ಟದ್ದಾಗಿ ಉಳಿಯುತ್ತದೆ.

ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಸುತ್ತ ಇಂಥ ದಿಬ್ಬಗಳನ್ನು ಜೋರು ನೀರಿನ ಫಿರಂಗಿಯಿಂದ ಕರಗಿಸಿ, ಕೆಸರನ್ನು ಪೈಪಿನಲ್ಲಿ ಹತ್ತಾರು ಕಿಲೋಮೀಟರ್ ಸಾಗಿಸುತ್ತಾರೆ. ತೆಗೆಯುವಾಗ ಧೂಳಿನ ಕಾಟ ಕಡಿಮೆ. ಟನ್ನಿಗೆ 0.3 ಗ್ರಾಂನಷ್ಟು ಚಿನ್ನವಿದ್ದರೂ ಅವರಿಗೆ ಗಿಟ್ಟುತ್ತದೆ, ಏಕೆಂದರೆ ತಿಂಗಳಿಗೆ ಲಕ್ಷಾಂತರ ಟನ್ ಸಾಗಿಸುತ್ತಾರೆ, ಊರಾಚೆ ಕೆಸರು ಹಾಕಲು ದೊಡ್ಡ ಜಾಗವೂ ಇದೆ. ಈ ವಿಧಾನದಲ್ಲೂ ಎಚ್ಚರ ಬೇಕು. ದಿಬ್ಬವನ್ನು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿಕೊಂಡು ಬರಬೇಕು. ಬುಡಕ್ಕೆ ನೀರು ಹೊಡೆದರೆ ಮೇಲಿನ ಗೋಡೆ ಒಮ್ಮೆಲೇ ಕುಸಿಯುತ್ತದೆ, ಫಿರಂಗಿ ಹಿಡಿದವನು ಕನಿಷ್ಠ ಗೋಡೆಯ ಎತ್ತರದಷ್ಟಾದರೂ ದೂರ ಇರಬೇಕು. ಬೇರು, ಕಡ್ಡಿ, ಪ್ಲಾಸ್ಟಿಕ್ಕನ್ನು ಜರಡಿಯಲ್ಲಿ ಸೋಸದಿದ್ದರೆ ಟ್ಯಾಂಕಿನಲ್ಲಿ ಚಿನ್ನ ಹೀರುವ ಕಾರ್ಬನ್ ಹರಳುಗಳನ್ನು ತಡೆಯುವ ಜಾಲರಿಗಳು ಕಟ್ಟಿಕೊಳ್ಳುತ್ತವೆ.

ನಮ್ಮವರು ಓದಬೇಕಾದ ಪಾಠ ಇನ್ನೊಂದು ಕಡೆಯದ್ದು. ರುಮೇನಿಯಾದ ಬಾಯಾ ಮಾರೆ ಊರಿನಲ್ಲಿ ಹೀಗೆಯೇ ಊರೊಳಗಿನ ಹಳೆಯ ಗಣಿ ಮಣ್ಣನ್ನು ಮತ್ತೆ ಸೋಸಿ ಚಿನ್ನ ತೆಗೆದು, ಉಳಿದ ಕೆಸರನ್ನು ಊರಾಚೆಯ ಹೊಸ ಕಟ್ಟೆಗೆ ಕಳಿಸುವ ಯೋಜನೆ ಇತ್ತು. ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ನೀರು ಒಳಗೇ ಸುತ್ತುತ್ತದೆ, ಒಂದು ಹನಿಯೂ ಹೊರಗೆ ಹೋಗುವುದಿಲ್ಲ ಎಂಬ ವಿನ್ಯಾಸ. ಹೆಚ್ಚುವರಿ ನೀರಿಗೆ ದಾರಿಯನ್ನೇ ಇಟ್ಟಿರಲಿಲ್ಲ. 2000ದ ಜನವರಿ 30ರಂದು ಕರಗಿದ ಹಿಮ, ಮಳೆ ಎರಡೂ ಸೇರಿ ಕಟ್ಟೆ ಒಡೆಯಿತು. ಸುಮಾರು ಒಂದು ಲಕ್ಷ ಘನ ಮೀಟರ್ ಸೈನೈಡ್ ನೀರು ಸೊಮೆಶ್ ನದಿಯಿಂದ ತೀಸಾಕ್ಕೆ, ಅಲ್ಲಿಂದ ಡ್ಯಾನ್ಯೂಬ್‌ಗೆ ಹರಿಯಿತು. ಹಂಗೆರಿಯಲ್ಲಿ ಮೀನುಗಳು ರಾಶಿ ರಾಶಿ ಸತ್ತವು. ಅಂತರರಾಷ್ಟ್ರೀಯ ಸೈನೈಡ್ ಸಂಹಿತೆ ಹುಟ್ಟಿದ್ದೇ ಆಮೇಲೆ. ತೆರೆದ ಹೊಂಡದಲ್ಲಿ ಸುಲಭವಾಗಿ ಬಿಡುಗಡೆಯಾಗುವ ಸೈನೈಡ್ ಲೀಟರಿಗೆ 50 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಅದು.

ಕೋಲಾರ ಬರದ ಜಿಲ್ಲೆ, ಇಲ್ಲಿ ಹಾಗಾಗದು ಎನ್ನಬೇಡಿ. 3.3 ಕೋಟಿ ಟನ್ ಕೆಸರನ್ನು 10 ಮೀಟರ್ ಎತ್ತರಕ್ಕೆ ಹರಡಿದರೆ 580 ಎಕರೆಗೂ ಮಿಕ್ಕಿದ ಹೊಂಡ ಬೇಕು. 2021ರ ನವೆಂಬರ್‌ನಲ್ಲಿ ಈ ಭಾಗದಲ್ಲಿ ಸುರಿದ ಮಳೆ ಎಲ್ಲರಿಗೂ ನೆನಪಿದೆ. ಒಂದು ವಾರದಲ್ಲಿ 200 ಮಿ.ಮೀ. ಬಿದ್ದರೆ ಆ ಹೊಂಡಕ್ಕೆ ನೇರವಾಗಿ ಬೀಳುವ ನೀರೇ 47 ಕೋಟಿ ಲೀಟರ್. ವರ್ಷದ ಸರಾಸರಿ ಲೆಕ್ಕದಲ್ಲಿ ಆವಿಯಾಗುವುದೇ ಹೆಚ್ಚು ಎಂದು ತೋರಿಸಿ ಅನುಮತಿ ಪಡೆಯಬಹುದು, ಕಟ್ಟೆ ಒಡೆಯುವುದು ಆ ಒಂದು ವಾರದಲ್ಲಿ. ಇನ್ನು ಇಲ್ಲಿಂದ ಹರಿದದ್ದು ಪಾಲಾರ್ ನದಿ ಸೇರಿದರೆ ಆಂಧ್ರ, ತಮಿಳುನಾಡು ಎರಡೂ ದಾರಿಯಲ್ಲೇ ಇವೆ.

ಉಳಿದ ವರ್ಷವೆಲ್ಲ ಸಮಸ್ಯೆ ಉಲ್ಟಾ. ದಿನಕ್ಕೆ 10,000 ಟನ್ ಸಂಸ್ಕರಿಸಿದರೆ, ಮರುಬಳಕೆ ಮಾಡಿದ ಮೇಲೂ ಕೆಸರಿನಲ್ಲಿ ಸಿಕ್ಕಿಕೊಂಡು, ಆವಿಯಾಗಿ ಹೋಗುವ ನೀರಿಗೆ ಬದಲಾಗಿ ದಿನಕ್ಕೆ 30ರಿಂದ 50 ಲಕ್ಷ ಲೀಟರ್ ಹೊಸ ನೀರು ಬೇಕಾಗುತ್ತದೆ. ಬೇತಮಂಗಲ ಕೆರೆಯ ನೀರನ್ನು ಇದಕ್ಕೆ ಮುಟ್ಟಲೇಬಾರದು. ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಗೆ ಬರುತ್ತಿದೆ, ಮುಚ್ಚಿದ ಶಾಫ್ಟ್‌ಗಳಲ್ಲೂ (ಗಣಿಯ ಬಾವಿಗಳಲ್ಲೂ) ನೀರು ನಿಂತಿದೆ. ಶಾಫ್ಟಿನ ನೀರನ್ನು ಬಳಸುವುದಾದರೆ ನಿಧಾನವಾಗಿ, ಕಂಪನ ಮಾಪಕ ಇಟ್ಟುಕೊಂಡೇ ಎತ್ತಬೇಕು. ಕಲ್ಲು ಸಿಡಿತಕ್ಕೆ, ಅಂದರೆ ಆಳದ ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುವುದಕ್ಕೆ, ಹೆಸರಾದ ಗಣಿ ಅದು.

ನನ್ನ ಅಭಿಪ್ರಾಯದಲ್ಲಿ ಕೆಸರಿನ ಹೊಂಡವೇ ಬೇಡ. ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ, ತೇವಾಂಶ ನೂರಕ್ಕೆ 15–18ಕ್ಕೆ ಇಳಿಸಿ, ಗಟ್ಟಿ ಮಣ್ಣಾಗಿ ಪದರ ಪದರವಾಗಿ ರೋಲರ್ ಹೊಡೆದು ಪೇರಿಸಬಹುದು. ರಾಜಸ್ಥಾನದ ಝಾವರ್ ಸತುವಿನ ಗಣಿಯಲ್ಲಿ ಒಣ ವಿಧಾನ ಬಂದಿದೆ. ಖರ್ಚು ಹೆಚ್ಚು, ಜೇಡಿಯಂಥ ನುಣ್ಣನೆ ಕೆಸರು ಬಂದರೆ ಫಿಲ್ಟರ್ ಬಟ್ಟೆ ಕಟ್ಟಿಕೊಂಡು ಉತ್ಪಾದನೆ ಇಳಿಯುತ್ತದೆ. ಆದರೆ ಒಡೆಯಲು ನೀರಿನ ಕಟ್ಟೆ ಇರುವುದಿಲ್ಲ, ನೀರೂ ಉಳಿಯುತ್ತದೆ.

ಸರ್ಕಾರಕ್ಕೆ ಹೆಚ್ಚು ಪಾಲು ಕೊಡುತ್ತೇನೆ ಎಂದವರಿಗೇ ಗುತ್ತಿಗೆ ಎಂದರೆ, ಆ ಪಾಲನ್ನು ಅವರು ಉಳಿಸುವುದು ಈ ಕೊನೆಯ ಹಂತದಲ್ಲೇ. ಆದ್ದರಿಂದ ಕೆಸರಿನ ವಿಧಾನವನ್ನು ಬಿಡ್‌ದಾರರ ಇಷ್ಟಕ್ಕೆ ಬಿಡದೆ ಟೆಂಡರ್‌ನಲ್ಲೇ ನಿಗದಿ ಮಾಡಲಿ. ಮುಟ್ಟಿದ ದಿಬ್ಬವನ್ನು ಮೂಲ ನೆಲದವರೆಗೂ ಖಾಲಿ ಮಾಡಿ, ಅಡಿಯ ಅರ್ಧ ಮೀಟರ್ ಮಣ್ಣು ಪರೀಕ್ಷಿಸಿದ ಮೇಲೆಯೇ ಮುಂದಿನ ದಿಬ್ಬ ಎಂದು ಷರತ್ತು ಹಾಕಲಿ. ಇಲ್ಲದಿದ್ದರೆ ಚಿನ್ನ ಹೆಚ್ಚಿರುವ ನಾಲ್ಕೈದನ್ನು ಬಾಚಿಕೊಂಡು ಹೊರಡುತ್ತಾರೆ. ಸಂಸ್ಕರಿಸಿದ ಪ್ರತಿ ಟನ್ನಿಗೆ ಇಷ್ಟು ಎಂದು ಮುಚ್ಚುವ ವೆಚ್ಚವನ್ನು ಅಂದಂದೇ ಪ್ರತ್ಯೇಕ ಖಾತೆಗೆ ಕಟ್ಟಿಸಿಕೊಳ್ಳಲಿ, ಬೆಲೆ ಬಿದ್ದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ಸೈನೈಡ್ ಪ್ರಮಾಣ, ಸುಣ್ಣದ ಬಳಕೆ, ಧೂಳಿನ ಅಳತೆಯನ್ನು ತಿಂಗಳಿಗೊಮ್ಮೆ ರಾಬರ್ಟ್‌ಸನ್‌ಪೇಟೆಯ ನಗರಸಭೆ ಕಚೇರಿ ಮುಂದೆ ಕನ್ನಡ, ತಮಿಳು ಎರಡರಲ್ಲೂ ಹಾಕಲಿ. ಟೆಂಡರ್ ಕರಡು ಹೊರಬಂದಾಗ ಜನಪ್ರತಿನಿಧಿಗಳು ಚಿನ್ನದ ಪುಟಕ್ಕೆ ಹೋಗುವ ಮುಂಚೆ, ಉಳಿದ ಮಣ್ಣು ಹಾಕುವ ಜಾಗದ ಸರ್ವೆ ನಂಬರ್ ಅದರಲ್ಲಿ ಇದೆಯೇ ಎಂದು ನೋಡಬೇಕೆಂದು ಕೋರುತ್ತೇನೆ.

— ನಿವೃತ್ತ ಗಣಿ ಎಂಜಿನಿಯರ್, ಬಂಗಾರಪೇಟೆ