ಸೋಫೊರೊಲಿಪಿಡ್ ಬ್ಯಾಚ್ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸೋಫೊರೊಲಿಪಿಡ್ ಎಂದರೆ ಯೀಸ್ಟ್ ತಯಾರಿಸುವ, ಸೋಪಿನಂತೆ ಕೆಲಸ ಮಾಡುವ ವಸ್ತು. ಅದನ್ನು ಕೊಡುವ ಸ್ಟಾರ್ಮರೆಲ್ಲಾ ಬಾಂಬಿಕೋಲಾ ಯೀಸ್ಟ್ ಬೆಳೆಸುವ ದ್ರಾವಣಕ್ಕೆ ಲೀಟರಿಗೆ ಗ್ಲೂಕೋಸ್ 100 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 10 ಗ್ರಾಂ, ಯೂರಿಯಾ 1 ಗ್ರಾಂ ಸಾಕು. ಯೂರಿಯಾ ಹೆಚ್ಚಿಸಲೇಬೇಡಿ: ಸಾರಜನಕ ಮುಗಿದು ಬೆಳವಣಿಗೆ ನಿಂತ ಮೇಲೆಯೇ ಸೋಫೊರೊಲಿಪಿಡ್ ಜೋರಾಗಿ ಬರುವುದು. ಯೂರಿಯಾವನ್ನು ಆಟೋಕ್ಲೇವ್‌ಗೂ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಯಂತ್ರ) ಇಡಬೇಡಿ, ಒಡೆದು ಅಮೋನಿಯಾ ಆಗುತ್ತದೆ. ಸೂಕ್ಷ್ಮಜೀವಿ ತಡೆಯುವ ಫಿಲ್ಟರ್‌ನಲ್ಲಿ ಸೋಸಿ ಸೇರಿಸಿ.

ಸೂರ್ಯಕಾಂತಿ ಎಣ್ಣೆ ಲೀಟರಿಗೆ ಒಟ್ಟು 100 ಗ್ರಾಂ, ಎರಡನೇ ದಿನದಿಂದ ಸ್ವಲ್ಪಸ್ವಲ್ಪವಾಗಿ. 500 ಮಿಲೀ ಫ್ಲಾಸ್ಕ್‌ಗೆ ದ್ರಾವಣ 100 ಮಿಲೀ ಮೀರಬಾರದು. ತುಂಬಿಸಿದರೆ ಗಾಳಿ ಸಾಲದೆ ಇಳುವರಿ ಬೀಳುತ್ತದೆ, ಹೆಚ್ಚಿನ ಬ್ಯಾಚ್ ಕೆಡುವುದು ಇಲ್ಲೇ. ಶೇಕರ್‌ನಲ್ಲಿ (ಫ್ಲಾಸ್ಕ್ ಅಲುಗಾಡಿಸುವ ಯಂತ್ರ) 30 ಡಿಗ್ರಿ ಸೆಲ್ಸಿಯಸ್, ನಿಮಿಷಕ್ಕೆ 200 ಸುತ್ತು, ಸುಮಾರು ಏಳು ದಿನ. ಪಿಎಚ್ ತಾನಾಗಿ ಇಳಿಯುತ್ತದೆ, 3.5ರಲ್ಲಿ ಹಿಡಿದಿಡಿ.

ಶೇಕರ್ ನಿಲ್ಲಿಸಿದಾಗ ಕಂದು ಬಣ್ಣದ, ಜೇನಿನಂಥ ಅಂಟು ಪದರ ತಳಕ್ಕಿಳಿದರೆ ಅದೇ ಸೋಫೊರೊಲಿಪಿಡ್. ಈಥೈಲ್ ಅಸಿಟೇಟ್‌ನಲ್ಲಿ ಎರಡು ಸಲ ತೆಗೆದು, ಆವಿಯಾಗಿಸಿ, ಹೆಕ್ಸೇನ್‌ನಿಂದ ತೊಳೆಯಿರಿ. ಉಳಿದ ಎಣ್ಣೆ ಹೋಗದೆ ತೂಕ ನೋಡಿದರೆ ಲೆಕ್ಕ ತಪ್ಪುತ್ತದೆ. ಎರಡೂ ದ್ರಾವಕ ಬೇಗ ಬೆಂಕಿ ಹಿಡಿಯುತ್ತವೆ, ದಯವಿಟ್ಟು ಫ್ಯೂಮ್ ಹುಡ್‌ನಲ್ಲೇ (ಆವಿಯನ್ನು ಹೊರಗೆಳೆಯುವ ಪೆಟ್ಟಿಗೆ) ಮಾಡಿ.