ಸಂಜೆ ನಕ್ಕರೆ ಬೆಳಿಗ್ಗೆಯದು ನಾಟಕವೇ?

ಮಾನ್ಯ ಸಂಪಾದಕರೇ,

ನನ್ನ ಹೆಂಡತಿಗೆ ಖಿನ್ನತೆ ಇದೆ. ಎರಡು ವರ್ಷದಿಂದ ಔಷಧ ನಡೆಯುತ್ತಿದೆ. ಮನೆಗೆ ಬರುವ ನೆಂಟರೆಲ್ಲ ಸಂಜೆ ಹೊತ್ತಿಗೇ ಬರುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿ.

ಅವಳಿಗೆ ನಾಲ್ಕು ಗಂಟೆಗೇ ಎಚ್ಚರ ಆಗುತ್ತದೆ. ಆದರೆ ಎಂಟಾದರೂ ಏಳಲು ಆಗುವುದಿಲ್ಲ. ಗೋಡೆ ಕಡೆ ತಿರುಗಿ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಾಳೆ. ಹೋದ ತಿಂಗಳು ಒಂದು ಬೆಳಿಗ್ಗೆ, ಕಾಫಿಗೆ ಸಕ್ಕರೆ ಎಷ್ಟು ಹಾಕಲಿ ಅಂತ ಕೇಳಿದ್ದಕ್ಕೆ ಲೋಟ ತಳ್ಳಿಬಿಟ್ಟಳು. (ಮದುವೆಯಾಗಿ 30 ವರ್ಷವಾದರೂ ಸಕ್ಕರೆ ಲೆಕ್ಕ ಗೊತ್ತಿಲ್ಲದ್ದು ನನ್ನ ತಪ್ಪೇ ಬಿಡಿ.) ಅದೇ ಸಂಜೆ ಪಕ್ಕದ ಮನೆಯವರ ಜೊತೆ ಜಗಲಿಯಲ್ಲಿ ಕೂತು ಅವರೆಕಾಳು ಹಿಸುಕುತ್ತಾ ನಗುತ್ತಿದ್ದಳು. ಆಗಲೇ ನಮ್ಮ ಅತ್ತಿಗೆ ಬಂದರು. "ಚೆನ್ನಾಗೇ ಇದ್ದಾಳಲ್ಲ! ಬೆಳಿಗ್ಗೆ ಕೆಲಸ ತಪ್ಪಿಸೋಕೆ ನಾಟಕ" ಅಂದರು. ಅವಳಿಗೂ ಕೇಳಿಸಿತು. ಕೈಲಿದ್ದ ಕಾಳನ್ನು ಮೊರಕ್ಕೆ ಹಾಕಿ ಸುಮ್ನೆ ಎದ್ದು ಒಳಗೆ ಹೋದಳು.

ಖಿನ್ನತೆ ಇರುವ ಎಷ್ಟೋ ಜನಕ್ಕೆ ಬೆಳಗಿನ ಹೊತ್ತೇ ಜಾಸ್ತಿ ಭಾರ, ಸಂಜೆಗೆ ಕೊಂಚ ಹಗುರ ಎಂದು ಮಂಗಳವಾರ ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರು ಹೇಳಿದ್ದಾರೆ. ಸಣ್ಣದಕ್ಕೂ ರೇಗುವುದು ಕಾಯಿಲೆಯದೇ ಲಕ್ಷಣವಂತೆ.

ಇಂಥ ಸಂಜೆಯ ನಗು ನೋಡಿ ಹಿಂದೆ ನಾನೂ ಒಮ್ಮೆ ಮೋಸ ಹೋಗಿದ್ದೇನೆ. ನಾಲ್ಕು ತಿಂಗಳಿಗೇ ಗುಣವಾಯ್ತು ಅಂತ ನಾನೇ ಮಾತ್ರೆ ನಿಲ್ಲಿಸಿದೆ. ಮೂರು ದಿನಕ್ಕೆ ತಲೆಸುತ್ತು, ನಿದ್ದೆಯಿಲ್ಲ, ಮಾತೆತ್ತಿದರೆ ಸಿಡಿಮಿಡಿ. ಡಾಕ್ಟರ್ ಚೆನ್ನಾಗಿ ಬೈದರು. ಗುಣವಾದ ಮೇಲೂ ಕಡಿಮೆಯೆಂದರೆ 6 ತಿಂಗಳು ಮಾತ್ರೆ ಬೇಕು, ಬಿಡುವಾಗಲೂ ಅವರನ್ನು ಕೇಳಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ದಿನಗಟ್ಟಲೆ ನಿದ್ದೆ ಇಲ್ಲದೆಯೂ ವಿಪರೀತ ಹುರುಪು, ಕೈಗೆ ಸಿಕ್ಕಷ್ಟು ಖರ್ಚು ಇತ್ತಾ ಅಂತಲೂ ವಿಚಾರಿಸಿದರು. ಹಾಗಿದ್ದರೆ ಅದು ಬೇರೆಯೇ ಕಾಯಿಲೆ ಇರಬಹುದು, ಔಷಧವೂ ಬೇರೆ.

ಇನ್ನೊಂದು ಮಾತು ಹೇಳಿದರು, ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ತೀರಾ ಕುಗ್ಗಿದವರು ಇದ್ದಕ್ಕಿದ್ದಂತೆ ಶಾಂತವಾಗಿ, ತಮ್ಮ ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ ಸಮಾಧಾನ ಪಡಬಾರದಂತೆ. ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಫ್ರಿಜ್ ಮೇಲೆ ಆ ನಂಬರ್ ಅಂಟಿಸಿದ್ದೇನೆ.

ನಾಟಕ ಅನ್ನುವವರು ದಯವಿಟ್ಟು ಒಂದು ದಿನ ಬೆಳಿಗ್ಗೆ ಏಳಕ್ಕೆ ಬನ್ನಿ. ಅವಳಿಗೆ ಮಾತಾಡಲು ಆಗುವುದಿಲ್ಲ, ನನಗೆ ಪುರುಸೊತ್ತಿರುವುದಿಲ್ಲ. ತೊಳೆಯೋಕೆ ರಾತ್ರಿಯ ಪಾತ್ರೆಗಳಿರುತ್ತವೆ.

– ಒಬ್ಬ ಓದುಗ, ಅರಸೀಕೆರೆ